ಮೂರನೇ ಸಿಲಿಂಡರಿನ ಸದ್ದು

ಬಂಗಾರಪೇಟೆ
೧೯ ಫೆಬ್ರವರಿ ೨೦೨೫

ಉಕ್ಕಿನ ಕಾರ್ಖಾನೆಯ ಕುಲತಿಲಕ, ಗ್ರೀಸಿನ ಗಂಧವನ್ನು ಸದಾ ಲೇಪಿಸಿಕೊಂಡಿರುವ, ತುಕ್ಕು ಹಿಡಿದ ಏಕೈಕ ರಥದ ಜ್ಯೇಷ್ಠ ವಾರಸುದಾರ, ಅಣ್ಣ ಶ್ರೀಧರ ಮಹಾಪ್ರಭುಗಳ ಪಾದಾರವಿಂದಗಳಿಗೆ, ಸದರಿ ರಥದ ನಟ್ಟು-ಬೋಲ್ಟು ಖಾತೆಯ ಪ್ರಧಾನ ಅಮಾತ್ಯ ಸೃಜನನು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಉತ್ತರ ತಡವಾಯಿತು, ಕ್ಷಮಿಸು. ಫೋನಿನಲ್ಲಿ ನಾನು ಏನು ಹೇಳಿದರೂ ತಮಾಷೆ ಎಂದುಕೊಳ್ಳುತ್ತೀಯ. ಹಳೇ ಕಾರು ಹತ್ತುವವರು ತೂಕದ ಸರ್ಟಿಫಿಕೇಟು ತರಬೇಕೆಂದು ಸರ್ಕಾರಿ ದನಿಯಲ್ಲಿ ಹೇಳಿ ಹರಿಪ್ರಿಯಾ ಅತ್ತಿಗೆಯನ್ನು ಹೆದರಿಸಿದವನು ನಾನೇ ಆದ್ದರಿಂದ, ನಿನ್ನದು ತಪ್ಪಲ್ಲ. ಅದಕ್ಕೇ ಕಾಗದ.

ಈಗ ರಾಜಕಾರ್ಯ. ಅಪ್ಪನ ಕಾರಿನ ಇಂಜಿನ್ ಬಿಚ್ಚಿ, ಬರೀ ಬ್ಲಾಕನ್ನು ಶ್ರೀನಿವಾಸಪ್ಪನವರ ಲೇತ್ ಶೆಡ್ಡಿನಲ್ಲಿ ಇಳಿಸಿದ್ದೇನೆ. ನಾಲ್ಕೂ ಸಿಲಿಂಡರುಗಳನ್ನು ಮೂರು ಮಿಲಿಮೀಟರು ಅಗಲ ಕೊರೆಸಿ, ದೊಡ್ಡ ಪಿಸ್ಟನ್ ಹಾಕಿಸಿ, ಸಾವಿರದ ನೂರು ಸಿಸಿಯನ್ನು ಸಾವಿರದ ಇನ್ನೂರರ ಹತ್ತಿರಕ್ಕೆ ಏರಿಸಬೇಕೆಂದು ನಿನ್ನ ಆಜ್ಞೆ. ಕಾರಣವನ್ನೂ ಬರೆದಿದ್ದೀಯ: ಅಂದು ಬೇತಮಂಗಲದ ಏರಿನಲ್ಲಿ ಬಸ್ಸನ್ನು ಹಿಂದೆ ಹಾಕುವಾಗ ಇಂಜಿನ್ನಿಗೆ ಇನ್ನಷ್ಟು ಎಳೆತ ಇದ್ದಿದ್ದರೆ, ಎದುರಿನ ಲಾರಿ ಬರುವುದರೊಳಗೆ ಅಪ್ಪ ದಾಟಿ ಬದುಕಿಕೊಳ್ಳುತ್ತಿದ್ದರು ಎಂದು. ಯುಗಾದಿಗೆ ಬಂದು, ಅಮ್ಮನನ್ನು ಕೂರಿಸಿಕೊಂಡು, ಅದೇ ಏರಿನಲ್ಲಿ ಬಸ್ಸು ದಾಟಿ ತೋರಿಸುತ್ತೀಯಂತೆ. ನಾನೇನು ಹೇಳಲಿ? ಆಗ ಹತ್ತು ವರ್ಷದವನು, ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದವನು.

ಶ್ರೀನಿವಾಸಪ್ಪನವರು ಮೈಸೂರು ಮೈನ್ಸಿನ ಚಿನ್ನದ ಗಣಿಯಲ್ಲಿ ನೆಲದಡಿ ದುಡಿದವರೆಂದು ನಿನಗೆ ಗೊತ್ತು. ಅಲ್ಲಿ ಕೆಲಸಕ್ಕೆ ಮೊದಲು ತಲೆ ಮೇಲಿನ ಬಂಡೆಯನ್ನು ಕಬ್ಬಿಣದ ಸಲಾಕೆಯಿಂದ ತಟ್ಟಿ ಕೇಳುತ್ತಿದ್ದರಂತೆ. ಗಂಟೆಯಂತೆ ಅಂದರೆ ಗಟ್ಟಿ, ತಮಟೆಯಂತೆ ಅಂದರೆ ಓಡು. ಆ ಅಭ್ಯಾಸ ಬಿಟ್ಟಿಲ್ಲ. ಇಂಜಿನ್ ಬ್ಲಾಕನ್ನೂ ಹಾಗೇ ತಟ್ಟುತ್ತಾರೆ, ಕಣ್ಣು ಮುಚ್ಚಿ.

ಒಂದನೆಯದು ಠಣ್ ಎಂದಿತು. ಎರಡನೆಯದೂ ಠಣ್. ಮೂರನೆಯದು ದೊಪ್.

ಮತ್ತೆ ತಟ್ಟಿದರು. ದೊಪ್. ಅಷ್ಟು ವಯಸ್ಸಾದವರು ಅರಿವಿಲ್ಲದೆಯೇ ಎರಡು ಹೆಜ್ಜೆ ಹಿಂದೆ ಸರಿದು, ಶೆಡ್ಡಿನ ತಗಡಿನ ಮಾಡನ್ನು ನೋಡಿದರು.

“ಇದು ತಮಟೆ ಕಣ್ಲಾ ಸೃಜನ್,” ಎಂದರು. “ಗೋಡೆ ತೆಳ್ಳಗಾಗೈತೆ, ಕೊರೆದ್ರೆ ಒಡೀತದೆ. ಕೆಳಗಡೆ ಇಂತಾ ಸದ್ದು ಕೇಳೀನೂ ನಿಂತ್ಕಂಡಿದ್ದೋರು ಮೇಲಕ್ಕೆ ಬರ್ಲಿಲ್ಲ. ನಿಮ್ಮಣ್ಣಂಗೆ ಯೋಳು, ಬ್ಯಾಡ.”

ಬ್ಲಾಕಿನ ಮೇಲೆ ಗೋಣಿಚೀಲ ಹೊದಿಸಿದರು, ಹೆಣಕ್ಕೆ ಹೊದಿಸಿದ ಹಾಗೆ. ಅವತ್ತಿನಿಂದ ಲೇತ್ ತಿರುಗಿಲ್ಲ. ಗಣಿಯಲ್ಲಿ ಸತ್ತ ಇಬ್ಬರ ಹೆಸರು ಹೇಳಿ, ಅವರಿಗೂ ಅಂದು ಹೇಳಿದ್ದೆ, ಕೇಳಲಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದಾರಂತೆ.

ಅಮ್ಮನಿಗೆ ತಿಳಿಸಿದೆ. ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. “ಅದಕ್ಕೆ ಇನ್ನೂ ಶಕ್ತಿ ಯಾಕಪ್ಪ?” ಎಂದಷ್ಟೇ ಕೇಳಿದರು.

ಆದ್ದರಿಂದ ಅಮಾತ್ಯನ ವಿನಮ್ರ ಸಲಹೆ: ಹಳೇ ಅಳತೆಯಲ್ಲೇ ಕೂರಿಸೋಣ. ರಥ ಮೆಲ್ಲಗೆ ಹೋಗಲಿ. ಅತ್ತಿಗೆಗೆ ನಮಸ್ಕಾರ. ಅಮ್ಮನ ಆಶೀರ್ವಾದ ನಿಮ್ಮಿಬ್ಬರಿಗೂ ಇದೆ, ಜೊತೆಗೆ ಎರಡು ಸೇರು ಹಿತಕಿದ ಬೇಳೆಯೂ.

ಇತಿ ನಿನ್ನ ತಮ್ಮ,
ಸೃಜನ್

ತಾ.ಕ.: ಮೂರನೇ ಸಿಲಿಂಡರಿನ ಸುತ್ತ ನೀರು ಹರಿಯುವ ಸಂದಿನಲ್ಲಿ ಒದ್ದೆ ಬಟ್ಟೆ ತುರುಕಿದ್ದು ನಾನು. ನಗುವುದಕ್ಕಲ್ಲ, ಶ್ರೀನಿವಾಸಪ್ಪನವರು ಬೇಡ ಎನ್ನಲಿ ಎಂದು. ಇವತ್ತು ತೆಗೆದು ತಟ್ಟಿದೆ; ಗಂಟೆಯಂತಿದೆ. ಬೇಕಾದರೆ ಕೊರೆಸು. ಆದರೆ ಅಪ್ಪ ಯಾವತ್ತೂ ಬಸ್ಸು ಹಿಂದೆ ಹಾಕಿದವರಲ್ಲ ಅಣ್ಣ. ಅಂದೂ ಅದರ ಹಿಂದೆ ನೆಮ್ಮದಿಯಾಗಿ ಹೋಗುತ್ತಿದ್ದರು. “ಅಪ್ಪಾ, ಇದು ಕಾರಾ, ಎತ್ತಿನ ಗಾಡಿಯಾ?” ಎಂದು ಕೆಣಕಿದೆ. ಅಪ್ಪ ನಕ್ಕು ಗೇರ್ ಬದಲಿಸಿದರು.

ನಾನು ನಿದ್ದೆ ಮಾಡಿರಲಿಲ್ಲ.