ಅಪ್ಪನ ಚೂರಿ ಗಾಯ

ಮಾರ್ಚ್ 3, ಸಂಜೆ
ಇವತ್ತೂ ಅಂಗಡಿಯಲ್ಲಿ ಜನವೋ ಜನ. ಕನ್ನಡಕ ಕೂರಿಸುವಾಗ ಗಿರಾಕಿಯ ಮುಖಕ್ಕೂ ನನ್ನ ಕುತ್ತಿಗೆಗೂ ಗೇಣು ದೂರ. ಒಬ್ಬಾಕೆ ಕೇಳಿಯೇಬಿಟ್ಟಳು — "ಏನ್ರೀ ಅದು, ಗಂಟು?" ಥೈರಾಯ್ಡ್ ಗಂಟು, ಇದೇ ತಿಂಗಳು ತೆಗೀತಾರೆ ಎಂದೆ. ಆಕೆಯ ಹೊಸ ಪವರ್ ಸರಿಯಾಗಿದೆ ಎಂದಾದರೂ ಗೊತ್ತಾಯಿತು.

ಮಾರ್ಚ್ 6
ಸರ್ಜನ್ ಮೇಡಂ ಕುತ್ತಿಗೆ ನೋಡಿದರು. ಆಮೇಲೆ ಅವರ ಕಣ್ಣು ನನ್ನ ಎದೆಯ ಮೇಲೆ ಅಂಗಿಗುಂಡಿಯಂತೆ ಉಬ್ಬಿದ ಗುರುತಿಗೆ ಹೋಯಿತು. ಕಾಲೇಜಿನ ಕಾಲದ ಮೊಡವೆ ಎಂದೆ.
"ಗಾಯದ ಗಡಿ ದಾಟಿ ಬೆಳೆದಿದೆಯಲ್ಲಮ್ಮ. ಇದು ಕೀಲಾಯ್ಡ್. ಕೆಲವು ಮನೆತನದಲ್ಲೇ ಬರುತ್ತೆ. ನಿಮ್ಮನೇಲಿ ಇನ್ಯಾರಿಗಾದ್ರೂ ಇದೆಯಾ?"
ಇಲ್ಲ ಎಂದೆ. ಅಪ್ಪನ ತೋಳಿನ ಮೇಲೆ ದಪ್ಪ ಕಲೆ ಇದೆ ನಿಜ, ಅದು ಚೂರಿ ಗಾಯ. ಕಳ್ಳನನ್ನು ಹಿಡಿಯಲು ಹೋಗಿ ಆದದ್ದು. ಬಂಧುಬಳಗಕ್ಕೆಲ್ಲ ಬಾಯಿಪಾಠ.
ಕನ್ನಡಿ ಮುಂದೆ ತುಂಬ ಹೊತ್ತು ನಿಂತೆ. ಆಪರೇಷನ್‌ಗೆ ಕೊಯ್ದ ಜಾಗದಲ್ಲಿ, ಕುತ್ತಿಗೆಗೆ ಅಡ್ಡಲಾಗಿ ಅಂಥದ್ದೊಂದು ಬೆಳೆದರೆ... ಹೆದರಿಕೆಯಾಯಿತು.

ಮಾರ್ಚ್ 7
ಊಟಕ್ಕೆ ಕೂತಾಗ ಮೇಡಂ ಕೇಳಿದ್ದನ್ನು ಹೇಳಿದೆ. ಅಪ್ಪ ನೀರು ಕುಡಿದರು. ಮತ್ತೆ ಕುಡಿದರು.
"ನೀವು ಹೇಳ್ತೀರೋ, ನಾನೇ ಹೇಳ್ಲೋ?" — ಅಮ್ಮ.
"ಕಳ್ಳನೂ ಇಲ್ಲ, ಚೂರಿನೂ ಇಲ್ಲ ಕಣಮ್ಮ. ಚಿಕ್ಕವನಿದ್ದಾಗ ಸ್ಕೂಲಲ್ಲಿ ಸೂಜಿ ಚುಚ್ಚಿದ್ರು. ಅದೇ ಉಬ್ಬಿ ಉಬ್ಬಿ ಹೀಗಾಯ್ತು. ಹುಡುಗರು ಆಡ್ಕೊಳ್ಳೋರು. ಅದಕ್ಕೇ..."
ಬಿದ್ದು ಬಿದ್ದು ನಕ್ಕೆ. ಆಮೇಲೆ ಸಿಟ್ಟು ಬಂತು. ಮತ್ತೆ ಸೋದರತ್ತೆಯ ಕಿವಿಯ ಗಂಟು? ಓಲೆಗೆ ಚುಚ್ಚಿಸಿದ ಜಾಗವಂತೆ. ಅದೂ ಇದೇ! ಒಂದೇ ವಸ್ತುವಿಗೆ ಮನೆಮಂದಿಯೆಲ್ಲ ಬೇರೆ ಬೇರೆ ಹೆಸರಿಟ್ಟು ಕೂತಿದ್ದೇವೆ.
"ನಾಳೆ ಡಾಕ್ಟರ್ ಹತ್ರ ನಾನೂ ಬರ್ತೀನಿ" ಎಂದರು ಅಪ್ಪ, ತಟ್ಟೆ ನೋಡುತ್ತಾ.

ಮಾರ್ಚ್ 8
ಅಪ್ಪ ಅಂಗಿಯ ತೋಳು ಮಡಚಿ ತೋರಿಸಿದರು. "ಚುಚ್ಚುಮದ್ದು" ಎನ್ನುವಷ್ಟರಲ್ಲಿ ಅವರ ಮುಖ ಇಷ್ಟು ಚಿಕ್ಕದಾಗಿತ್ತು. ಮೇಡಂ ನಗಲಿಲ್ಲ. "ಹೇಳಿದ್ದು ಒಳ್ಳೇದಾಯ್ತು ಯಜಮಾನ್ರೇ."
ಈಗ ಪ್ಲಾನ್ ಬೇರೆ. ಕತ್ತಿನ ಮಡಿಕೆಯಲ್ಲೇ ಸಣ್ಣದಾಗಿ ಕೊಯ್ಯುತ್ತಾರೆ, ಚರ್ಮಕ್ಕೆ ಎಳೆತ ಬೀಳದಂತೆ ಹೊಲಿಗೆ. ಗಾಯ ಮಾಯ್ದ ಮೇಲೆ ಕಲೆ ಉಬ್ಬದಂತೆ ತಿಂಗಳುಗಟ್ಟಲೆ ಸಿಲಿಕೋನ್ ಪಟ್ಟಿ ಅಂಟಿಸಬೇಕು. ಬಿಸಿಲು ಬೇಡ, ಕೆರೆಯುವುದು ಬೇಡ. ತುರಿಕೆ, ಉಬ್ಬು ಕಂಡರೆ ತಡಮಾಡದೆ ಬರಬೇಕು.
"ಕೀಲಾಯ್ಡ್ ಬರೋದೇ ಇಲ್ಲ ಅಂತ ಮಾತು ಕೊಡಲಾರೆ. ಬರೋ ಸಾಧ್ಯತೆ ಕಮ್ಮಿ ಮಾಡಬಹುದು."
ಅಷ್ಟು ಸಾಕು.

ಮಾರ್ಚ್ 25
ಆಪರೇಷನ್ ಆಯಿತು. ಗಂಟು ಕೆಟ್ಟದ್ದಲ್ಲವಂತೆ, ರಿಪೋರ್ಟ್ ಬಂತು. ಹೆಚ್ಚು ಮಾತಾಡಬಾರದು ಎಂದಿದ್ದಾರೆ. ಅಮ್ಮನಿಗೆ ಸುಗ್ಗಿ, ಬೈದರೂ ಎದುರಾಡುವವರಿಲ್ಲ.

ಮೇ 30
ಪಟ್ಟಿ, ಅದರ ಮೇಲೆ ಸ್ಕಾರ್ಫ್, ದಿನಾ ಇದೇ ಪಾಡು. ಇವತ್ತು ಎಡತುದಿಯಲ್ಲಿ ತುರಿಕೆ... ಬೆರಳಿಗೆ ಏನೋ ತಾಗುತ್ತದೆ. ಇಲ್ಲ, ಭ್ರಮೆ. ಅಲ್ಲ, ಇದೆ. ಗಿರಾಕಿಯ ಫ್ರೇಮ್ ವಾರೆ ಕೂರಿಸಿ ಬೈಸಿಕೊಂಡೆ.

ಮೇ 31
ಇತ್ತು. ಅಕ್ಕಿಕಾಳಷ್ಟು. ಅಲ್ಲೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. "ಬೇಗ ಬಂದ್ರಲ್ಲ, ಅದೇ ದೊಡ್ಡದು" ಎಂದರು ಮೇಡಂ. ದಾರಿಯುದ್ದಕ್ಕೂ ಅಪ್ಪ ಅಂಗಿಯ ಮೇಲಿಂದಲೇ ತೋಳು ಸವರಿಕೊಳ್ಳುತ್ತಿದ್ದರು.

ಆಗಸ್ಟ್ 12
ಮೇಡಂ ಬೆರಳಾಡಿಸಿ ನೋಡಿದರು. ಚಪ್ಪಟೆಯಾಗಿದೆ! ಇನ್ನೂ ಒಂದು ವರ್ಷ ಕಣ್ಣಿಟ್ಟಿರಬೇಕು, ಇರಲಿ. ಅಲ್ಲೇ ಅತ್ತುಬಿಟ್ಟೆ.
ಅಪ್ಪ ಕುರ್ಚಿಯಲ್ಲಿ ಮಿಸುಕಾಡಿದರು. "ಮೇಡಂ... ನನ್ನ ಈ ಹಳೇದಕ್ಕೂ ಏನಾದ್ರೂ ಮಾಡ್ಬಹುದಾ? ಈ ಮಗ್ಗುಲಿಗೆ ಮಲಗಿದ್ರೆ ತುರಿಸುತ್ತೆ. ಮೊದಲಿಂದಲೂ."
ಮೊದಲಿನಿಂದಲೂ! ನಾವು ಕಳ್ಳನ ಕಥೆ ಕೇಳಿ ಚಪ್ಪಾಳೆ ತಟ್ಟುತ್ತಿದ್ದೆವು. ಇವರು ನಿದ್ದೆಯಿಲ್ಲದೆ ತೋಳು ಕೆರೆದುಕೊಳ್ಳುತ್ತಿದ್ದರು. ಒಮ್ಮೆಯೂ ಬಾಯಿ ಬಿಡಲಿಲ್ಲ.
ಕಲೆ ಪೂರ್ತಿ ಹೋಗದಿರಬಹುದು, ತುರಿಕೆ ಇಳಿಸೋಣ ಎಂದರು ಮೇಡಂ. ಸೂಜಿ ಕಂಡದ್ದೇ ತಡ, ಅಪ್ಪ ನನ್ನ ಕೈ ಹಿಡಿದುಕೊಂಡರು.

ಅಕ್ಟೋಬರ್ 5, ಮಧ್ಯಾಹ್ನ
ರಜೆ. ನಿನ್ನೆ ಸ್ಕಾರ್ಫ್ ಇಲ್ಲದೆ ಅಂಗಡಿಯಲ್ಲಿದ್ದೆ. ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.
ಅಪ್ಪನಿಗೆ ಎರಡನೇ ಇಂಜೆಕ್ಷನ್ ಆಗಿದೆ. ಊಟ ಮುಗಿಸಿ ಮಲಗಿದ್ದಾರೆ. ಅಮ್ಮ ಬಾಗಿಲಲ್ಲಿ ನಿಂತು, ತುಟಿಗೆ ಬೆರಳಿಟ್ಟು ಕರೆದಳು. ಹೋಗಿ ನೋಡಿದೆ. ಅಪ್ಪ ಆ ತೋಳಿನ ಮೇಲೆಯೇ ಮಗ್ಗುಲಾಗಿ, ಒಮ್ಮೆಯೂ ಕೆರೆದುಕೊಳ್ಳದೆ ಗೊರಕೆ ಹೊಡೆಯುತ್ತಿದ್ದರು.