ಆಯುಧದ ವಿವರ

4 ಸೆಪ್ಟೆಂಬರ್ 1999, ಶನಿವಾರ. ಬೆಳಿಗ್ಗೆ 10

ಎರಡನೇ ಕಾಫಿ ಆಯಿತು. ಅತ್ತೆ ತೋಟದ ಕಡೆ ಹೋದರು. ತಾತ ಜಗುಲಿಯಲ್ಲಿ ರೇಡಿಯೊ ಕಿವಿಗೆ ಒತ್ತಿಕೊಂಡು ಕೂತಿದ್ದಾರೆ. ಎಲೆಕ್ಷನ್ ಸುದ್ದಿ. ರಂಗ ಕೊಬ್ಬರಿ ಹರಾಜಿಗೆ ತಿಪಟೂರಿಗೆ ಹೋಗಿದ್ದಾನೆ. ಎದುರಿಗೆ 'ರೀ', ಇಲ್ಲಿ ಮಾತ್ರ 'ರಂಗ'. ಅತ್ತೆ ಕಂಡರೆ ನನ್ನ ಕಥೆ ಮುಗಿಯಿತು!

ಮದುವೆಯಾಗಿ ಇವತ್ತಿಗೆ ತೊಂಬತ್ತೆಂಟು ದಿನ. ಸೆಂಚುರಿಗೆ ಎರಡೇ ಬಾಕಿ. ನಿನ್ನೆ ಡೈರಿ ಮಿಲ್ಕ್ ತಂದಿದ್ದ. ಜೇಬಿನಲ್ಲೇ ಕರಗಿ ಅಂಟಂಟು. ಕಾಗದ ನೆಕ್ಕಿ ತಿಂದೆವು. ಸೋ ಸ್ವೀಟ್!

ಆದರೆ ಬೆಳಿಗ್ಗೆ ಫೋನಿನಲ್ಲಿ ಯಾರ ಜೊತೆಗೋ ಮೆಲ್ಲಗೆ ಮಾತಾಡುತ್ತಿದ್ದ. "ಹಳೇದಕ್ಕೆ ಕುದುರೆ ಎದ್ದು ಕಾಣ್ತದೆ. ನಿಂದಕ್ಕೆ ಕುದುರೇನೇ ಇಲ್ಲ ಅಂತೀಯ. ನಂಬೋದು ಹೆಂಗ್ಲಾ?" ನಾನು ಒಳಗೆ ಬಂದೆ. ತಕ್ಷಣ ರಿಸೀವರ್ ಇಟ್ಟ. "ಯಾರ್ರೀ?" ಅಂದೆ. "ಬೋರ್‌ವೆಲ್‌ನೋರು."

ಬೋರ್‌ವೆಲ್‌ನವರಿಗೆ ಕುದುರೆ ಯಾಕೆ?

7 ಸೆಪ್ಟೆಂಬರ್, ಮಂಗಳವಾರ

ಒಗೆಯುವ ಮುಂಚೆ ಅಂಗಿ ಜೇಬು ನೋಡಿದೆ. ನೋಡಬಾರದಿತ್ತು. ಒಂದು ಚೀಟಿ, ರಂಗನ ಅಕ್ಷರ. ಕಾನ್ವೆಂಟಿನವಳು ನಾನು, ಈ ಕೋಳಿ ಕಾಲಿನ ಕನ್ನಡ ಕೂಡಿಸಿ ಓದುವಷ್ಟರಲ್ಲಿ ಬಕೆಟ್ ತುಂಬಿ ಹರಿಯಿತು.

ಹಳೇದು — ಏಳು. ಹೊಸದು — ಹದಿಮೂರು. ಎರಡೂ 45.

ಏಳನೇ ನಂಬರ್ ಕುದುರೆ, ಹದಿಮೂರನೇ ನಂಬರ್ ಕುದುರೆ! ರೇಸ್! ಮೈಸೂರಿನಲ್ಲಿ ನನ್ನ ಸೋದರಮಾವ ಹೀಗೇ ಕುದುರೆಗೆ ದುಡ್ಡು ಕಟ್ಟಿ ಸ್ಕೂಟರ್ ಕಳೆದುಕೊಂಡರು. ಅವರ ಮನೆಯಲ್ಲಿ ಇನ್ನೂ ಯಾರೂ ಕುದುರೆ ಎಂಬ ಪದ ಎತ್ತುವುದಿಲ್ಲ. ಆದರೆ 45 ಏನು? ಯಾರದಾದರೂ ವಯಸ್ಸಾ?

ಛೀ. ಏನೇನೋ ಹೊಳೆಯುತ್ತದೆ. ರಾತ್ರಿ ಊಟಕ್ಕೆ ಉಪ್ಪು ಎರಡು ಸಲ ಹಾಕಿದೆ. ರಂಗ ಒಂದೂ ಮಾತಾಡದೆ ತಿಂದ. ತಪ್ಪು ಮಾಡಿದವರೇ ಹೀಗೆ ತಿನ್ನುವುದು...

12 ಸೆಪ್ಟೆಂಬರ್, ಭಾನುವಾರ. ಗೌರಿ ಹಬ್ಬ. ಮಧ್ಯಾಹ್ನ 3

ನನ್ನ ಮೊದಲ ಗೌರಿ! ಮೈಸೂರಿನಿಂದ ಅಣ್ಣ ಮೊರದ ಬಾಗಿನ ತಂದಿದ್ದಾನೆ. ಮೊಣಕೈವರೆಗೆ ಹಸಿರು ಬಳೆ. ಎಷ್ಟು ಖುಷಿಯಾಗಿ ಬರೆಯಬೇಕಿತ್ತು ಇವತ್ತು.

ಊಟದ ಹೊತ್ತಿಗೆ ಹುಳಿಯಾರಿನಿಂದ ಹುಚ್ಚರಂಗಯ್ಯ ಬಂದ. ರಂಗನ ಹೈಸ್ಕೂಲಿನ ಗೆಳೆಯ, ಬೋರ್‌ವೆಲ್ ಲಾರಿಗಳ ಏಜೆಂಟ್. ಹಬ್ಬದ ದಿನ ಬೋರ್‌ವೆಲ್ಲಾ? ಇಬ್ಬರೂ ತೋಟದ ಪಂಪ್‌ಹೌಸಿಗೆ ಹೋದರು. ತಟ್ಟೆಯಲ್ಲಿ ಒಬ್ಬಟ್ಟು ಹಾಕಿಕೊಂಡು ನಾನೂ ಹಿಂದೆಯೇ ಹೋದೆ. ಬಳೆ ಸದ್ದಾಗದಂತೆ ಕೈ ಎದೆಗೆ ಒತ್ತಿಕೊಂಡಿದ್ದೆ. ಬಾಗಿಲು ಅರ್ಧ ತೆರೆದಿತ್ತು.

ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಟವೆಲ್. ಟವೆಲ್ ಮೇಲೆ ಕಪ್ಪಗೆ, ಚೌಕವಾಗಿ, ಒಂದು ಪಿಸ್ತೂಲು.

"ಕೈಯಲ್ ಹಿಡ್ದು ನೋಡ್ಲಾ. ಎಷ್ಟ್ ಹಗೂರ ಐತೆ!"

"ಆಟದ ಸಾಮಾನಿದ್ದಂಗೈತೆ. ಕುದುರೆ ಎಲ್ಲಿ?" ಅಂದ ರಂಗ.

"ಒಳಗಡೆ ಐತೆ ಅನ್ಕಳ್ಲಾ. ಎತ್ತಂಗಿಲ್ಲ, ಇಳ್ಸಂಗಿಲ್ಲ. ತೆಗಿ, ಎಳಿ, ಅಷ್ಟೇಯಾ. ನಿಮ್ ತಾತಂದು ಏಳು ಗುಂಡು, ಇದು ಹದಿಮೂರು. ಬೋರು ಅದೇ ನಲವತ್ತೈದು. ಪ್ಲಾಸ್ಟಿಕ್ಕು, ತುಕ್ಕು ಹಿಡಿಯಾಕಿಲ್ಲ."

"ಲೈಸೆನ್ಸು?"

"ತಾತನ್ ಲೈಸೆನ್ಸು ನಿನ್ ಹೆಸ್ರಿಗಾಗ್ಲಿ. ಹಳೇದ್ರ ನಂಬರು ಇದ್ಕೆ ಹೊಡೆಸ್ಕೊಡ್ತೀನಿ. ಹಳೇದು ನಂಗ್ ಕೊಡು, ಕೇಳೋರವ್ರೆ. ಬೋರು ಒಂದೇ, ನಂಬರು ಒಂದೇ. ಯಾವನ್ ಬಂದ್ ಬಿಚ್ಚಿ ನೋಡ್ತಾನೆ ಬುಡು."

ಅದನ್ನು ತಿರುಗಿಸಿ ತೋರಿಸಿದ. ಅಡಿಯಲ್ಲಿ ಉಗುರಿನಷ್ಟು ತಗಡು. ನಂಬರ್ ಇರಬೇಕಾದ ಜಾಗ ಉಜ್ಜಿ ಉಜ್ಜಿ ಬೆಳ್ಳಗಾಗಿತ್ತು.

ಎದೆಗೆ ಒತ್ತಿದ್ದ ಕೈ ಜಾರಿತು, ಬಳೆ ಸದ್ದಾಯಿತು. ಟವೆಲ್ ಮುಚ್ಚಿದರು. "ಬನ್ನಿ ಅತ್ಗೆ, ಹಬ್ಬ ಜೋರಾ?" ಅಂದ ಹುಚ್ಚರಂಗಯ್ಯ. ಒಬ್ಬಟ್ಟು ನಾಲ್ಕು ತಿಂದ.

ರೇಸ್ ಅಲ್ಲ. ರೇಸ್ ಆಗಿದ್ದರೇ ಚೆನ್ನಾಗಿತ್ತು.

13 ಸೆಪ್ಟೆಂಬರ್, ಸೋಮವಾರ. ಗಣೇಶನ ಹಬ್ಬ

ಕೇಳಿಯೇ ಬಿಟ್ಟೆ. ರಂಗ ಸುಳ್ಳು ಹೇಳಲಿಲ್ಲ. ಕುದುರೆ ಎಂದರೆ ಪಿಸ್ತೂಲಿನ ಹಿಂದೆ ಇರುವ ಸುತ್ತಿಗೆಯಂಥದ್ದು, ಹೆಬ್ಬೆಟ್ಟಿನಲ್ಲಿ ಎತ್ತುವುದು, 45 ಎಂದರೆ ಬೋರು, ನಳಿಗೆಯ ಅಳತೆ ಎಂದು ಹೇಳಿಕೊಟ್ಟ. ರೇಸ್ ವಿಷಯ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೂ ನಗು ಬಂತು, ಅರ್ಧಕ್ಕೇ ನಿಂತಿತು.

ತಾತ ಬೀರಲಿಂಗಯ್ಯನವರು ಬರ್ಮಾ ಯುದ್ಧಕ್ಕೆ ಹೋಗಿದ್ದವರು. ಅವರ ಪಿಸ್ತೂಲು ಲೈಸೆನ್ಸಿನದು. ಎಲೆಕ್ಷನ್ ಬಂತೆಂದು ಜುಲೈಯಲ್ಲೇ ಸ್ಟೇಷನ್ನಿಗೆ ಒಪ್ಪಿಸಿದ್ದಾರೆ, ಅಲ್ಲಿಯವರೆಗೆ ಅವರ ಪೆಟ್ಟಿಗೆಯಲ್ಲಿತ್ತು, ಹಾಗಾಗಿ ನಾನು ಕಂಡೇ ಇಲ್ಲ. ತಾತನಿಗೆ ಎಪ್ಪತ್ತೊಂಬತ್ತು. ಇನ್ನು ಮೊಮ್ಮಗನ ಹೆಸರಿಗೆ ಮಾಡಿಸಬೇಕು.

"ಹರಾಜು ಮುಗ್ಸಿ ಬರೋರ್ನ ರೋಡಲ್ಲಿ ಅಡ್ಡ ಹಾಕ್ತಾವ್ರೆ ಕಣೇ. ತಾತಂದು ಸೊಂಟಕ್ಕೆ ಸಿಗಿಸ್ಕೊಂಡ್ರೆ ಪಂಚೆ ಜಾರ್ತದೆ. ಅದ್ನ ಹಿಡ್ಕೊಳ್ಳೋದಾ, ಪಂಚೆ ಹಿಡ್ಕೊಳ್ಳೋದಾ?"

"ಆ ತಗಡಿನ ನಂಬರ್ ಯಾಕ್ರೀ ಉಜ್ಜಿದಾರೆ? ಯಾರದು ಅದು? ಅದರಲ್ಲಿ ಯಾರಿಗೆ ಏನಾಗಿದೆಯೋ! ಸಿಕ್ಕಿಬಿದ್ದರೆ ಜೈಲು."

"ಯೋಚ್ನೆ ಮಾಡ್ತಿದೀನಿ ಅಷ್ಟೇ. ತಗೊಂಡೆ ಅಂದ್ನಾ?"

ತೆಗೆದುಕೊಳ್ಳುವುದಿಲ್ಲ ಎಂದೂ ಹೇಳಲಿಲ್ಲ.

26 ಸೆಪ್ಟೆಂಬರ್, ಭಾನುವಾರ. ಸಂಜೆ

ಹದಿಮೂರು ದಿನ ಬರೆಯಲಿಲ್ಲ. ಬರೆದರೆ ಅದೇ ಬರೆಯಬೇಕು. ರಂಗ ಎದ್ದರೆ ಎಲ್ಲಿಗೆ, ಫೋನ್ ಬಂದರೆ ಯಾರು, ಬೈಕಿನ ಸೈಡ್ ಬಾಕ್ಸಿನಲ್ಲಿ ಏನು. ಎರಡು ಸಲ ತೆಗೆದೂ ನೋಡಿದೆ. ಒಮ್ಮೆ ಸ್ಪ್ಯಾನರ್ ಇತ್ತು, ಒಮ್ಮೆ ನನಗೆಂದು ತಂದ ಹೇರ್‌ಕ್ಲಿಪ್. ಕ್ಲಿಪ್ ನೋಡಿ ನನಗೆ ಅಳು ಬಂತು.

ಇವತ್ತು ತಾತನ ಪಕ್ಕ ಕೂತು ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ. "ತಾತ, ಈಗ ಪ್ಲಾಸ್ಟಿಕ್ ಪಿಸ್ತೂಲು ಬಂದಿದೆಯಂತೆ?"

"ಬಿಂದಿಗೆ ಪ್ಲಾಸ್ಟಿಕ್ಕಾಯ್ತು, ಚಪ್ಲಿ ಪ್ಲಾಸ್ಟಿಕ್ಕಾಯ್ತು. ನಾಳೀಕ್ ಗಂಡಂದಿರ್ನೂ ಪ್ಲಾಸ್ಟಿಕ್ಕಲ್ಲೇ ಮಾಡ್ತಾರೆ ಮಗಾ. ಹಗೂರ ಇರ್ತಾರೆ, ಮೂಲೇಲಿ ನಿಲ್ಸ್ಕಬೌದು."

ಅತ್ತೆ ಒಳಗಿನಿಂದ, "ಈಗೇನ್ ಭಾರ ಅವ್ರೆ?" ಅಂದರು.

ತಾತ ತಮ್ಮ ಪಿಸ್ತೂಲನ್ನು ಹೊಗಳುತ್ತಾರೆ ಅಂದುಕೊಂಡಿದ್ದೆ. ಇಲ್ಲ. "ಹಗೂರ ಒಳ್ಳೇದೇ ಕಣವ್ವ. ನಂದು ಸೊಂಟಕ್ ಕಟ್ಟಿ ಕಟ್ಟಿ ಇವತ್ತೂ ಬಲಕ್ ವಾಲಿ ನಡೀತೀನಿ. ನಮ್ಮೂರಲ್ಲಿ ಇರೋದು ಕೊಬ್ರಿ ಎಣ್ಣೆ, ಅದ್ನೇ ಹಚ್ತಿದ್ದೆ. ಮಾಗಿ ಚಳಿಗೆ ಎಣ್ಣೆ ಹೆಪ್ಪುಗಟ್ಟಿ ಕುದ್ರೆ ಏಳ್ತಿರ್ಲಿಲ್ಲ. ಕಳ್ಳ ಬಂದ್ರೆ 'ತಡಿಯಪ್ಪಾ, ಬಿಸ್ಲಿಗಿಟ್ಟು ಬತ್ತೀನಿ' ಅನ್ಬೇಕು!"

ನಕ್ಕು ನಕ್ಕು ಕೆಮ್ಮು ಬಂತು ಅವರಿಗೆ. ನೀರು ಕೊಟ್ಟೆ.

"ಆದ್ರೆ ಅದ್ರ ಒಂದೊಂದ್ ಗೆರೆ ನಂಗ್ ಗೊತ್ತು. ಬಲಗಡೆ ಮರದ ಹಿಡಿ ಚಕ್ಕೆ ಎದ್ದೈತೆ, ಜೀಪಿಂದ ಬಿದ್ದಿದ್ದು. ಕುದ್ರೆ ತಲೇಲಿ ಎಡಕ್ಕೊಂದು ಕಚ್ಚು. ಹಿಡಿ ಕೆಳಗೆ ಮೊಳೇಲಿ ಬೀ ಅಂತ ಕೊರ್ದಿದ್ದೆ. ಯಾರ್ ಕೈಲಿದ್ರೂ ಕಣ್ಮುಚ್ಚಿ ಹೇಳ್ತೀನಿ, ನಂದೇಯಾ ಅಂತ."

ಒಂದೂ ಮರೆಯಬಾರದೆಂದು ಇಲ್ಲಿ ಬರೆದಿಟ್ಟಿದ್ದೇನೆ. ಯಾಕೆ ಬರೆದಿಟ್ಟೆನೋ.

29 ಸೆಪ್ಟೆಂಬರ್, ಬುಧವಾರ. ರಾತ್ರಿ 9

ಯಾಕೆಂದು ಈಗ ಗೊತ್ತಾಯಿತು.

ತಾತನ ಲೈಸೆನ್ಸು ತನ್ನ ಹೆಸರಿಗೆ ಮಾಡಿಸಲು ಡಿ.ಸಿ. ಆಫೀಸಿಗೆ ಕೊಡುವ ಅರ್ಜಿ ರಂಗ ತಂದ. ಅವನಿಗೆ ಓದಲು ಬಾರದ ಇಂಗ್ಲಿಷ್. "ನೀನೇ ಬರ್ದುಬುಡು ಶಶಿ. ನಮ್ ಮನೇಲಿ ಇಂಗ್ಲಿಷ್ ಬರೋ ಮಹಾರಾಣಿ ಇರುವಾಗ ಟೈಪಿಸ್ಟ್ ಯಾಕೆ?" ಕೆನ್ನೆ ಹಿಂಡಿ ಹರಾಜಿಗೆ ಹೋದ.

ಹೆಸರು, ತಂದೆಯ ಹೆಸರು, ವಿಳಾಸ ಎಲ್ಲ ಸಲೀಸು. ಆಮೇಲೆ ಒಂದು ಕಾಲಂ: ಆಯುಧದ ವಿವರ. 'ಪಿಸ್ತೂಲು, 45 ಬೋರು, ನಂಬರ್ ಇಷ್ಟು' ಎಂದು ಬರೆದರೆ ಸಾಕಿತ್ತು. ಅಷ್ಟೇ ಇದ್ದರೆ ಹುಚ್ಚರಂಗಯ್ಯ ಹೇಳಿದ್ದು ನಿಜ, ಅದು ಎರಡಕ್ಕೂ ಸರಿಹೊಂದುತ್ತದೆ.

ನಾನು ಹನ್ನೊಂದು ಸಾಲು ಬರೆದೆ. ಪೂರ್ತಿ ಉಕ್ಕಿನದು. ಕುದುರೆ ಹೊರಗೆ ಕಾಣುವುದು. ಗುಂಡು ಏಳು. ಹಿಡಿ ಮರದ್ದು, ಬಲಗಡೆ ಚಕ್ಕೆ. ಕುದುರೆಯ ತಲೆಯಲ್ಲಿ ಕಚ್ಚು. ಕೊರೆದ ಅಕ್ಷರ. ಜಾಗ ಸಾಲದೆ ಅಂಚಿನಲ್ಲೂ ಬರೆದೆ. ಸ್ಕೂಲಿನಲ್ಲಿ ನನ್ನ ಕಾಂಪೊಸಿಷನ್ ಮೇಲೆಲ್ಲ ಸಿಸ್ಟರ್ 'ಟೂ ಲಾಂಗ್' ಎಂದು ಬರೆಯುತ್ತಿದ್ದರು. ಇದು ನನ್ನ ಬೆಸ್ಟ್ ಕಾಂಪೊಸಿಷನ್. ಇನ್ನು ಆ ಕಪ್ಪನೆಯದು ಈ ಕಾಗದದೊಳಗೆ ಹಿಡಿಸುವುದಿಲ್ಲ.

ಸಂಜೆ ರಂಗ ಬಂದ. ಓದಿ ಹೇಳಲಾ ಎಂದು ಕೇಳಬೇಕೆಂದಿದ್ದೆ. ದೇವರಾಣೆಗೂ ಅಂದುಕೊಂಡಿದ್ದೆ. ಅವನು ಪೆನ್ನು ತೆಗೆದು, "ನೀನ್ ಬರ್ದಿದ್ಮೇಲೆ ನಾನೇನ್ ಓದೋದು" ಎಂದು ಸೈನ್ ಹಾಕಿಬಿಟ್ಟ.

ಅರ್ಜಿ ಮಡಿಚಿ ಲಕೋಟೆಗೆ ಹಾಕಿ ಕೊಟ್ಟೆ.

2 ಅಕ್ಟೋಬರ್, ಶನಿವಾರ

ಹುಚ್ಚರಂಗಯ್ಯ ಮತ್ತೆ ಬಂದಿದ್ದ. ಒಳಗೆ ಬರಲಿಲ್ಲ. ಗೇಟಿನ ಹತ್ತಿರ ಹತ್ತು ನಿಮಿಷ ಮಾತು. ಕಿಟಕಿಯಿಂದ ತುಟಿ ಮಾತ್ರ ಕಂಡಿತು. ಹೋಗುವಾಗ ನಗುತ್ತಾ ಹೋದ. ರಂಗನ ಭುಜ ತಟ್ಟಿ.

ಯಾಕೆ ನಕ್ಕ?

14 ಅಕ್ಟೋಬರ್, ಗುರುವಾರ. ಸಂಜೆ 6

ಎಲೆಕ್ಷನ್ ಮುಗಿಯಿತು, ಒಪ್ಪಿಸಿದ್ದನ್ನು ತೆಗೆದುಕೊಂಡು ಹೋಗಿ ಎಂದು ಸ್ಟೇಷನ್ನಿನಿಂದ ಹೇಳಿಕಳಿಸಿದ್ದರು. ರಂಗ ತಾತನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದ. ಮೂರು ಗಂಟೆಗೆ ಬಂದರು. ಟವೆಲ್ ಬಿಚ್ಚಿದಾಗ ಎಲ್ಲರಿಗಿಂತ ಮೊದಲು ನಾನೇ ಬಗ್ಗಿ ನೋಡಿದೆ.

ಹಳೆಯದು! ಉಕ್ಕು! ಮರದ ಹಿಡಿ, ಚಕ್ಕೆ, ಎಲ್ಲ! ಅಷ್ಟು ಕುರೂಪ ವಸ್ತುವನ್ನು ನೋಡಿ ಇಷ್ಟು ಖುಷಿ ಯಾರಿಗೂ ಆಗಿರಲಾರದು. ತಾತ ಬೆರಳಲ್ಲಿ ಸವರಿ, "ಎಣ್ಣೆ ಕಾಣ್ಸಿಲ್ಲ ಬಡ್ಡೀಮಕ್ಳು" ಅಂದರು. ಕುಣಿಯಬೇಕೆನಿಸಿತು.

ರಂಗ ಮಾತ್ರ ಕಾಫಿ ಮುಟ್ಟಲಿಲ್ಲ. ರೂಮಿಗೆ ಬಂದು ಬಾಗಿಲು ಹಾಕಿದ.

"ನಮ್ ಅರ್ಜಿ ಸ್ಟೇಷನ್ನಿಗೆ ಬಂದೈತೆ. ಸಬ್‌ಇನ್ಸ್‌ಪೆಕ್ಟ್ರು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿ ಚೆಕ್ ಮಾಡುದ್ರು. 'ಇಷ್ಟೊಂದ್ ಯಾಕ್ರೀ ಬರ್ದಿದೀರಾ, ಯಾರ್ಗಾದ್ರೂ ಹೆದ್ರಿಕೊಂಡಿದ್ರಾ' ಅಂತ ನಕ್ಕರು. ನಾನು ಕೆಳಗೆ ಸೈನ್ ಹಾಕಿರೋನು. ಏನ್ ಬರ್ದಿದೆ ಅಂತ್ಲೇ ಗೊತ್ತಿಲ್ದೆ ನಿಂತಿದ್ದೆ."

"ನಿಮ್ಮ ಒಳ್ಳೇದಕ್ಕೇ..."

"ನಂಗೆ ಹೇಳಿ ಬರೀಬೌದಿತ್ತಲ್ಲ ಶಶಿ."

"ಹೇಳಿದ್ದರೆ ಆ ಪ್ಲಾಸ್ಟಿಕ್ಕಿನದನ್ನು ಬಿಡ್ತಿದ್ರಾ?"

"ಗಾಂಧಿ ಜಯಂತಿ ದಿನ ಹುಚ್ಚರಂಗಯ್ಯ ಗೇಟ್ ಹತ್ರ ಬಂದಿದ್ನಲ್ಲ. ಅವತ್ತೇ ಬೇಡ ಅಂದೆ. ಹೆಂಡ್ತಿ ಹೆದರ್ತಾಳೆ ಅಂದೆ. 'ಹೆಂಡ್ರಿಗ್ ಹೆದ್ರೋನೇ' ಅಂತ ಆಡ್ಕೊಂಡ್ ನಕ್ಕೊಂಡ್ ಹೋದ."

ನಗುವಿಗೆ ಅರ್ಥ ಸಿಕ್ಕಿತು. ಸಿಗಬಹುದು. ಆದರೆ ನಾನು ಕಿಟಕಿಯಿಂದ ನೋಡುತ್ತಿದ್ದೆ ಎಂದು ಅವನಿಗೆ ಗೊತ್ತಿತ್ತು. ಅದಕ್ಕೆ ತಕ್ಕಂತೆ ಈಗ ಹೊಂದಿಸಿ ಹೇಳಿರಬಹುದಲ್ಲ? ಹೀಗೆ ಯೋಚಿಸುವ ನಾನು ಎಂಥವಳು! ನಿಜವೇ ಆದರೆ, ನಾನು ಮೋಸ ಮಾಡಿ ತಡೆದದ್ದನ್ನು ಅವನು ನನಗಾಗಿ ತಾನೇ ಬಿಟ್ಟಿದ್ದ.

ಸಾರಿ ಅಂದೆ. "ಆಯ್ತು ಬುಡು" ಅಂದ. ಅಷ್ಟೇ.

18 ಅಕ್ಟೋಬರ್, ಸೋಮವಾರ. ಆಯುಧಪೂಜೆ

ಬೈಕು, ಪಂಪ್‌ಸೆಟ್, ಕಾಯಿ ಸುಲಿಯುವ ಕಬ್ಬಿಣ, ಕುಡುಗೋಲು, ತಾತನ ಪಿಸ್ತೂಲು. ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡು ಹೂವು. ಅತ್ತೆ ನನ್ನ ಪೆನ್ನನ್ನೂ ಸಾಲಿನಲ್ಲಿ ಇಟ್ಟರು. "ಓದಿದ್ ಸೊಸೆ, ಅವ್ಳ್ ಆಯುಧ ಅದೇ ಅಲ್ವಾ" ಅಂದರು. ಅವರಿಗೆ ಏನೂ ಗೊತ್ತಿಲ್ಲ, ಸುಮ್ಮನೆ ಪ್ರೀತಿಗೆ ಅಂದದ್ದು. ರಂಗ ಮಂಗಳಾರತಿ ತಟ್ಟೆ ಹಿಡಿದವನು ಆ ಕಡೆ ತಿರುಗಿಕೊಂಡ.

12 ನವೆಂಬರ್, ಶುಕ್ರವಾರ. ಬೆಳಿಗ್ಗೆ 11

ರಂಗ ಚೆನ್ನಾಗಿಯೇ ಇದ್ದಾನೆ. ದೀಪಾವಳಿಗೆ ಸೀರೆ ತಂದ. ನಗುತ್ತಾನೆ. ಯಾರಾದರೂ ನೋಡಿದರೆ ಎಂಥ ಜೋಡಿ ಅನ್ನಬೇಕು. ಹುಚ್ಚರಂಗಯ್ಯನ ಸುಳಿವಿಲ್ಲ, ನಾನೂ ಬೈಕಿನ ಬಾಕ್ಸ್ ತೆಗೆದು ನೋಡುವುದನ್ನು ಬಿಟ್ಟಿದ್ದೇನೆ. ನಿಜವಾಗಿ.

ಈಗ ಪೋಸ್ಟ್‌ಮ್ಯಾನ್ ಬಂದಿದ್ದ. ಡಿ.ಸಿ. ಆಫೀಸಿನ ಲಕೋಟೆ. ರಂಗ ಒಡೆದ, ಹಿಂದೆ ಮುಂದೆ ತಿರುಗಿಸಿದ. ಒಂದೇ ಹಾಳೆ, ಪೂರ್ತಿ ಇಂಗ್ಲಿಷ್. ಸೆರಗಿಗೆ ಕೈ ಒರೆಸಿಕೊಂಡು ಪಕ್ಕಕ್ಕೆ ಹೋದೆ.

"ಕೊಡಿ, ಓದಿ ಹೇಳ್ತೀನಿ."

ಮಡಿಚಿ ಜೇಬಿಗೆ ಇಟ್ಟ. ಕೋಪವಿಲ್ಲ, ಮೆತ್ತಗೇ ಹೇಳಿದ. "ಬೇಡ ಬುಡು. ನೊಣವಿನಕೆರೆ ಹೈಸ್ಕೂಲಲ್ಲಿ ಏಕಾಂತಯ್ಯ ಮೇಷ್ಟ್ರವ್ರೆ. ಅವ್ರ ಹತ್ರ ಓದಿಸ್ಕೊಂಡು ಬತ್ತೀನಿ."

ಬೈಕ್ ಗೇಟು ದಾಟಿತು. ಹೋಗಿ ಬರಲು ಏನಿಲ್ಲವೆಂದರೂ ಒಂದು ಗಂಟೆ. ಒಂದೇ ಹಾಳೆ ಅದು. ನಾನಾಗಿದ್ದರೆ ಎರಡು ನಿಮಿಷದಲ್ಲಿ ಓದಿ ಹೇಳುತ್ತಿದ್ದೆ.