ಒಂಬತ್ತನೇ ಕಾಲಂನಲ್ಲಿ ಬರೆದದ್ದು

ಸಾಗರ,
೮-೨-೧೯೬೪

ಪ್ರೀತಿಯ ಮಗಳು ಯಮುನಾಳಿಗೆ,

ನಿನ್ನ ಅಪ್ಪ ಮಾಡುವ ಆಶೀರ್ವಾದ. ಇಲ್ಲಿ ನಾನೂ ಎಮ್ಮೆಯೂ ಕ್ಷೇಮ. ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಎದುರಿಗೆ ಸಿಕ್ಕಿದರೆ ಬಾಯಿ ಮುಚ್ಚದ ನಾನು ಪೆನ್ನು ಹಿಡಿದರೆ ಮೂಗನಾಗುತ್ತೇನೆ. ಮೇಲಾಗಿ ನೀನು ಬೈದು ಬರೆದಿದ್ದೆ. ನನ್ನ ಸಿಟ್ಟು ಇಳಿಯಲಿ ಅಂತ ಸುಮ್ಮನಿದ್ದೆ.

ಕಾರ್ಗಲ್ಲಿನ ಮಾಲಿ ಕೆಲಸ ತಪ್ಪಿಹೋದದ್ದು ನಿಜ. ಅಳಿಯಂದಿರು ಯಾರ್‍ಯಾರಿಗೋ ಹೇಳಿ ಕೊಡಿಸಹೊರಟಿದ್ದ ಕೆಲಸ. ಅಣೆಕಟ್ಟೆಯ ಕೆಲಸದವರ ಹೊಸ ಮನೆಗಳ ಸುತ್ತ ಗಿಡ ನೆಟ್ಟು ನೀರು ಹಾಕುವುದು, ಇರಲು ಒಂದು ಕೋಣೆ. ಐವತ್ತು ವರ್ಷದವನಿಗೆ ಇನ್ನೇನು ಬೇಕು? ಆದರೆ ಅರ್ಜಿಯ ಒಂಬತ್ತನೇ ಕಾಲಂನಲ್ಲಿ, ಹಿಂದೆ ಯಾವುದಾದರೂ ಅಪರಾಧಕ್ಕೆ ಶಿಕ್ಷೆಯಾಗಿದೆಯೇ ಅಂತ ಇತ್ತು. "ಹೌದು. ಮಾವಿನಮರ ಕಡಿದದ್ದಕ್ಕೆ ಇಪ್ಪತ್ತೊಂದು ದಿನ ಜೈಲು" ಅಂತ ಬರೆದೆ.

ಗುಮಾಸ್ತ ಶೇಷಪ್ಪ ತಲೆಯ ಮೇಲೆ ಕೈ ಇಟ್ಟ. "ಎಂತ ಮಾರಾಯ, ಕೇಳಿದ್ದಕ್ಕೆಲ್ಲ ಹೌದು ಅಂತೀಯಲ್ಲ! ಬೇರೆ ಫಾರಂ ಕೊಡ್ತೀನಿ, ಇಲ್ಲ ಅಂತ ಬರಿ." ನಾನು ಬರೆಯಲಿಲ್ಲ.

ವಾರದ ಮೇಲೆ ವಿಚಾರಣೆಗೆ ಪೊಲೀಸ್ ಜಟ್ಟಿಂಗಪ್ಪ ಮನೆಗೇ ಬಂದ. ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡು, "ದುಗ್ಗಣ್ಣ, ಇಪ್ಪತ್ತು ವರ್ಷದ ಹಿಂದಿನ ಠಾಣೆ ಪುಸ್ತಕಾನ ಒರಲೆ ತಿಂದು ಮಣ್ಣು ಮಾಡೈತೆ. ನೀನೊಬ್ಬ ಇಲ್ಲ ಅಂದ್ರೆ ಕೇಸೇ ಇಲ್ಲ" ಅಂದ.

"ಒರಲೆ ಪುಸ್ತಕ ತಿಂದೈತೆ, ನನ್ನ ತಿಂದಿಲ್ಲ ಕಣೋ. ಹೌದು ಅಂತ ಬರ್ಕೋ."

"ನಿನ್ನಂಥ ಕಳ್ಳನ್ನ ನಾ ಕಂಡಿಲ್ಲ ಬಿಡು. ಬಿಟ್ಬಿಡ್ತೀವಿ ಅಂದ್ರೂ ಹೋಗಲ್ಲ ಅಂತಾನೆ!" ನಗುತ್ತಲೇ ಬರೆದುಕೊಂಡು ಹೋದ. ಕೆಲಸವೂ ಅವನ ಹಿಂದೆಯೇ ಹೋಯಿತು.

"ಒಂದು ಅಕ್ಷರ ಬದಲಿಸಿದ್ರೆ ನಿನ್ನ ಗಂಟೇನು ಹೋಗ್ತಿತ್ತಪ್ಪ? ಇಲ್ಲಿ ಅತ್ತೆ ನನ್ನ ಕಳ್ಳನ ಮಗಳು ಅಂತಾರೆ" ಅಂತ ಬರೆದಿದ್ದೀಯ. ಆ ಸಾಲು ಓದಿ ಎರಡು ಹೊತ್ತು ಊಟ ಸೇರಲಿಲ್ಲ. ಆದರೂ ಕೇಳು. ಆ ಮರ ಇದ್ದದ್ದು ನಮ್ಮ ಅಂಗಳದಲ್ಲಿ. ನನ್ನ ಅಪ್ಪ ಗೊರಟೆ ಊರಿದ್ದ, ನಾನು ನೀರು ಹೊತ್ತಿದ್ದೆ. ನಾವು ಗೇಣಿಯವರು, ಅಂಗಳ ಒಡೆಯರದ್ದು, ಹಾಗಾಗಿ ಮರವೂ ಒಡೆಯರದ್ದಂತೆ. ಅವರು ಊರಲ್ಲಿರಲಿಲ್ಲ, ನಾನು ಕಾಯುವ ಹಾಗಿರಲಿಲ್ಲ. ಕಡಿದೆ. ಆಮೇಲೆ ಅವರು, "ಕಾಲಿಗೆ ಬಿದ್ದು ಕದ್ದೆ ಅನ್ನು, ಕೇಸು ವಾಪಸು ತಗೊಳ್ತೀನಿ" ಅಂದರು. "ಕಡಿದದ್ದು ಹೌದು ಒಡೇರೆ, ಕದ್ದದ್ದಲ್ಲ" ಅಂದೆ. ಕೋರ್ಟಿನಲ್ಲೂ ಅದನ್ನೇ ಅಂದೆ. ಈ ಕಾಗದ ನಿನ್ನ ಅತ್ತೆಯವರಿಗೂ ಗಟ್ಟಿಯಾಗಿ ಓದಿ ಹೇಳು.

ಹೊಸನಗರದಲ್ಲಿ ಒಂದು ತೋಟದ ಕಾವಲಿಗೆ ಜನ ಬೇಕಂತೆ. ನಿನ್ನೆ ಅರ್ಜಿ ಹಾಕಿದೆ. ಅಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಕೆಳಗೆ ಜಾಗ ಖಾಲಿ ಇತ್ತು, ನಾನೇ ಬರೆದೆ.

ಅಳಿಯಂದಿರಿಗೆ ಬೇಸರವಾಗಿದ್ದರೆ ನನ್ನ ಹೆಸರು ಹೇಳಿ ಕ್ಷಮೆ ಕೇಳು. ಅವರ ಮಾತು ಉಳಿಸಲಾಗಲಿಲ್ಲ ಅನ್ನುವುದಕ್ಕೆ ಮಾತ್ರ. ನಿಮ್ಮಿಬ್ಬರ ಬಾಳು ಹಸಿರಾಗಿರಲಿ. ತಲೆ ಎತ್ತಿಕೊಂಡು ಓಡಾಡು.

ನಿನ್ನ ಅಪ್ಪ,
ದುಗ್ಗಪ್ಪ

ತಾ.ಕ.: ಮರ ಯಾಕೆ ಕಡಿದೆ ಅಂತ ನೀನು ಕೇಳಿದಾಗಲೆಲ್ಲ ಸೌದೆಗೆ ಅಂದಿದ್ದೆ. ಸುಳ್ಳಲ್ಲ. ಅದು ನಿನ್ನ ಅವ್ವ ಕೆರಿಯಮ್ಮ ತೀರಿಕೊಂಡ ದಿನ. ಚಿತೆಗೆ ಮಾವು ಬೇಕಿತ್ತು. ಕದ್ದ ಸೌದೆಯಲ್ಲಿ ನಿನ್ನ ಅವ್ವನನ್ನು ಸುಟ್ಟರು ಅನ್ನುವ ಮಾತು ನಿನಗೆ ತಾಗಬಾರದು ಅಂತ ಇಷ್ಟು ವರ್ಷ ಬಾಯಿ ಬಿಡಲಿಲ್ಲ. ಮೂರನೇ ದಿನ, ಚಿತೆಯ ಬೂದಿ ಒಟ್ಟುಮಾಡುತ್ತಿದ್ದವನನ್ನು ಪೊಲೀಸರು ಅಲ್ಲಿಂದಲೇ ಕರೆದುಕೊಂಡು ಹೋದರು. ಅವಳ ಹನ್ನೊಂದರ ದಿನ ನಾನು ಲಾಕಪ್ಪಿನಲ್ಲಿದ್ದೆ. ಎಡೆ ಇಟ್ಟದ್ದು ನೀನು, ಮೂರು ವರ್ಷದವಳು, ಚಿಕ್ಕಮ್ಮನ ಕೈ ಹಿಡಿದು. ನಿನಗೆ ನೆನಪಿರಲಿಕ್ಕಿಲ್ಲ.